'ಸಾವಯವ' ಎಂದು ದುಪ್ಪಟ್ಟು ಬೆಲೆ ಕೊಟ್ಟು ತಿಂದದ್ದು ಕೋಲಾರದ ಮಂಡಿಯ ಟೊಮೆಟೊ: ಮುಂಗಡ ಕೊಡುವ ಮೊದಲು ದಯವಿಟ್ಟು ಓದಿ

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ 'ನಮ್ಮದೇ ತೋಟದ ಸಾವಯವ ತರಕಾರಿ, ವಾರಕ್ಕೊಮ್ಮೆ ಮನೆ ಬಾಗಿಲಿಗೆ' ಎಂದು ಮೂರು ತಿಂಗಳ ಹಣ ಮುಂಗಡ ಕೇಳಿಕೊಂಡು ಯಾರಾದರೂ ಬಂದರೆ, ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಬರೆದಿರುವ ಬೆಳೆಗಳ ಹೆಸರನ್ನು ಒಂದೊಂದಾಗಿ ಓದುವ ತನಕ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಓದದೆ ಕೊಟ್ಟೆ. ಹದಿನೈದು ತಿಂಗಳು ಕೊಟ್ಟೆ. ಮೂರು ತಿಂಗಳಿಗೆ ₹12,600ರಂತೆ ಐದು ಕಂತು, ಒಟ್ಟು ₹63,000.

ಹಣದ ಸಂಕಟ ಒಂದು ತೂಕವಾದರೆ ಅಣ್ಣನ ಮುಂದೆ ತಲೆ ತಗ್ಗಿಸಿದ ಸಂಕಟ ಹತ್ತು ತೂಕ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಮುಳಬಾಗಿಲು ಕಡೆಯವಳು. ಅಣ್ಣನಿಗೆ ಅಲ್ಲಿ ಮೂರು ಎಕರೆ ಇದೆ, ಅರ್ಧಕ್ಕಿಂತ ಹೆಚ್ಚು ಟೊಮೆಟೊ. ಟೊಮೆಟೊ ಬೆಳೆದವರಿಗೆ ಗೊತ್ತು, ಔಷಧಿ ಹೊಡೆಯದೆ ಅದು ಕೈಗೆ ಬರುವುದು ಎಷ್ಟು ಕಷ್ಟ ಎಂದು. ಬಿಳಿ ನೊಣ ಬಂದರೆ ಎಲೆ ಮುದುಡುತ್ತದೆ, ಮೋಡ ಮುಸುಕಿದರೆ ಅಂಗಮಾರಿ, ಇವೆರಡನ್ನೂ ದಾಟಿದರೆ ಕಾಯಿಕೊರಕ. ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು ಅಪ್ಪ, ಆಮೇಲೆ ಅಣ್ಣ ಸಾಲಿನ ನಡುವೆ ಓಡಾಡುವುದನ್ನು ನೋಡುತ್ತಲೇ ಬೆಳೆದೆ. ಆ ವಾಸನೆ ನನ್ನ ಮೂಗಿನಲ್ಲಿ ಈಗಲೂ ಇದೆ. ಅದರ ಮೇಲೆ, ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಟಗಳಿಗೆ ಸುರಿದ ಎಂಡೋಸಲ್ಫಾನ್ ಮಕ್ಕಳನ್ನು ಏನು ಮಾಡಿತು ಎಂಬುದನ್ನು ಕಾಲೇಜು ದಿನಗಳಿಂದ ಓದಿಕೊಂಡು ಬಂದವಳು ನಾನು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದ ದಿನ ನಮ್ಮ ಮನೆಯಲ್ಲಿ ಅದೇ ಮಾತು. ಹಾಗಾಗಿ 2023ರ ಮಾರ್ಚ್‌ನಲ್ಲಿ ಮಗಳಿಗೆ ಆರು ತಿಂಗಳು ತುಂಬಿ, ರಾಗಿ ಸರಿ, ಬೇಯಿಸಿದ ಕ್ಯಾರೆಟ್, ಟೊಮೆಟೊ ಸಾರು ತಿನ್ನಿಸುವ ಕಾಲ ಬಂದಾಗ ನನಗೆ ಹೆದರಿಕೆಯಾಯಿತು. ಆ ಹೆದರಿಕೆ ತಪ್ಪೆಂದು ಇವತ್ತಿಗೂ ನಾನು ಒಪ್ಪುವುದಿಲ್ಲ. ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರ ಮೇಲೆ ನನ್ನ ಸಿಟ್ಟು.

ಬಂದ ಮನುಷ್ಯ ಬಹಳ ವಿನಯವಂತ. ಖಾದಿ ಜುಬ್ಬಾ, ಕೈಯಲ್ಲಿ ಕರಪತ್ರ, ಕರಪತ್ರದ ಮೇಲೆ ಮಲೆನಾಡು ಗಿಡ್ಡ ಹಸು, ಪಕ್ಕದಲ್ಲಿ ಮಣ್ಣಾದ ಎರಡು ಅಂಗೈ. 'ಮಗುವಿಗೆ ಎಂದು ಹೇಳಿದಿರಲ್ಲ ಮೇಡಂ, ನಿಮಗೆ ಬೇರೆಯಾಗಿಯೇ ಆರಿಸಿ ಕಳಿಸುತ್ತೇನೆ' ಎಂದರು. ಮಾರುಕಟ್ಟೆಯಲ್ಲಿ ಟೊಮೆಟೊ ಕಿಲೋಗೆ ಮೂವತ್ತಿದ್ದರೆ ಇವರದ್ದು ಎಂಬತ್ತು. ಕೊತ್ತಂಬರಿ ಕಟ್ಟು ನಲವತ್ತು. ನಾನು ಚೌಕಾಶಿ ಮಾಡಲಿಲ್ಲ. ರೈತನ ಮಗಳು, ರೈತನಿಗೆ ಹೋಗುತ್ತದೆ ಬಿಡು ಎಂದುಕೊಂಡೆ. ಅಷ್ಟೇ ಅಲ್ಲ, ನಮ್ಮ ಸಮುಚ್ಚಯದಲ್ಲಿ ಒಂಬತ್ತು ಮನೆಗಳನ್ನು ನಾನೇ ಸೇರಿಸಿದೆ. ಕೊನೆಗೆ ಇಪ್ಪತ್ತೆರಡು ಮನೆಗಳಾದವು. ಆ ಒಂಬತ್ತು ಮನೆಯವರ ಕ್ಷಮೆಯನ್ನು ಇಲ್ಲಿಯೂ ಕೇಳುತ್ತೇನೆ.

ಆ ವರ್ಷದ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಹೊರಡುವಾಗ ಅತ್ತಿಗೆ ಎಂದಿನಂತೆ ಚೀಲ ತುಂಬಿ ತಂದಿಟ್ಟರು: ಟೊಮೆಟೊ, ಬದನೆ, ಒಂದಿಷ್ಟು ಬೀನ್ಸ್. ನಾನು ಹೇಳಿದೆ: 'ಬೇಡ ಅತ್ತಿಗೆ, ಮಗುವಿಗೆ ಔಷಧಿ ಹೊಡೆದದ್ದು ಕೊಡುವುದಿಲ್ಲ, ನಾವು ಸಾವಯವದ್ದೇ ತರಿಸುವುದು.' ಅತ್ತಿಗೆ ಏನೂ ಮಾತನಾಡಲಿಲ್ಲ. ಚೀಲದ ಬಾಯಿಗೆ ಕಟ್ಟಿದ್ದ ಸೆಣಬಿನ ದಾರವನ್ನು ಬಿಚ್ಚಿ, ಟೊಮೆಟೊಗಳನ್ನು ಒಂದೊಂದಾಗಿ ಮೊರಕ್ಕೆ ಸುರಿದುಕೊಂಡರು. ಅಣ್ಣ ಅಲ್ಲೇ ನಿಂತಿದ್ದ.

ಅನುಮಾನ ಬರಬೇಕಾಗಿತ್ತು. 2023ರ ಜುಲೈ ನೆನಪಿದೆಯಲ್ಲ, ಟೊಮೆಟೊ ಕಿಲೋಗೆ ನೂರು ದಾಟಿ ಮನೆಮನೆಯಲ್ಲೂ ಅದೇ ಸುದ್ದಿಯಾಗಿತ್ತು. ಆಗ ಇವರಿಂದ ಸಂದೇಶ ಬಂತು: 'ಮಾರುಕಟ್ಟೆ ಪರಿಸ್ಥಿತಿಯಿಂದಾಗಿ ಟೊಮೆಟೊ ಪ್ರಮಾಣ ಅರ್ಧ ಕಿಲೋಗೆ ಇಳಿಸಲಾಗಿದೆ.' ಸ್ವಂತ ತೋಟದಲ್ಲಿ ಬೆಳೆಯುವವರಿಗೆ ಮಾರುಕಟ್ಟೆಯ ಪರಿಸ್ಥಿತಿ ಏಕೆ ಅಡ್ಡ ಬರಬೇಕು? ಆಮೇಲೆ ಬೆಲೆ ಕುಸಿದು ಕೋಲಾರದ ರೈತರು ಕಂಗಾಲಾದಾಗ ಇವರು ಒಂದು ರೂಪಾಯಿಯನ್ನೂ ಇಳಿಸಲಿಲ್ಲ. ತೋಟ ನೋಡಲು ಬರುತ್ತೇವೆ ಎಂದು ಮೂರು ಸಲ ಕೇಳಿದೆವು. ಒಮ್ಮೆ ಮಳೆ, ಒಮ್ಮೆ ಬಿತ್ತನೆ, ಒಮ್ಮೆ 'ಹೊರಗಿನವರು ಬಂದರೆ ಮಣ್ಣಿಗೆ ಸೋಂಕು ತಗಲುತ್ತದೆ ಮೇಡಂ'. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರು ಬದುಕಿದ್ದಾಗ ಮರಳೇನಹಳ್ಳಿಯ ತಮ್ಮ ತೋಟಕ್ಕೆ ಎಷ್ಟು ರೈತರನ್ನು ಕರೆದು ಕೂರಿಸಿಕೊಂಡು ಪಾಠ ಹೇಳಿದರು! ಅವರ ಮಣ್ಣಿಗೆ ಸೋಂಕು ತಗಲಲಿಲ್ಲ. ಇದು ನನಗೆ ಆಗ ಹೊಳೆಯಲಿಲ್ಲ. ನಂಬಬೇಕೆಂದು ಕೂತವಳಿಗೆ ಏನೂ ಹೊಳೆಯುವುದಿಲ್ಲ.

ಈಗ ಆ ಶನಿವಾರದ ಮಾತು. 2024ರ ಮೇ ತಿಂಗಳು. ಅಪ್ಪನ ಕಣ್ಣಿನ ತಪಾಸಣೆಗೆಂದು ಅಣ್ಣ ಬಂದಿದ್ದ, ಬಾಗಿಲ ಬಳಿಯ ಕುರ್ಚಿಯಲ್ಲಿ ಕಾಫಿ ಕುಡಿಯುತ್ತಿದ್ದ. ಪ್ರತಿವಾರ ತರಕಾರಿ ಬರುತ್ತಿದ್ದದ್ದು ಹಸುವಿನ ಮುದ್ರೆಯ ಕಂದು ಕಾಗದದ ಚೀಲಗಳಲ್ಲಿ. ಆ ದಿನ ಮಳೆ ಬಂದು ಚೀಲಗಳೆಲ್ಲ ನೆನೆದು ಹರಿದಿದ್ದವು. ಹೊಸ ಹುಡುಗನೊಬ್ಬ ಪ್ಲಾಸ್ಟಿಕ್ ಕ್ರೇಟನ್ನೇ ಹೆಗಲ ಮೇಲೆ ಹೊತ್ತುಕೊಂಡು ಬಂದು ಹೊಸ್ತಿಲಲ್ಲಿ ಇಳಿಸಿದ. ನೀಲಿ ಕ್ರೇಟ್, ಒಂದು ಮೂಲೆ ಸೀಳಿ ತಂತಿಯಲ್ಲಿ ಹೊಲಿದದ್ದು, ಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಮೂರು ಅಕ್ಷರ.

ಅಣ್ಣ ಲೋಟ ಕೆಳಗಿಟ್ಟ. ಕ್ರೇಟನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಆ ಅಕ್ಷರಗಳ ಮೇಲೆ ಹೆಬ್ಬೆರಳಿನಿಂದ ಮಣ್ಣು ಒರೆಸಿದ. ಒಂದು ಟೊಮೆಟೊ ತೆಗೆದು ತೊಟ್ಟು ನೋಡಿ ಮತ್ತೆ ಅಲ್ಲೇ ಇಟ್ಟ. 'ಇದು ನಾನು ಮಾಲು ಹಾಕುವ ಮಂಡಿಯ ಕ್ರೇಟ್' ಎಂದ.

ಅಷ್ಟೇ. ಬೇರೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಹುಡುಗನನ್ನು ಕೇಳಿದೆ. ಪಾಪ, ಅವನಿಗೆ ಸುಳ್ಳು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. 'ಬೆಳಗಿನ ಜಾವ ಕೋಲಾರದ ಲಾರಿ ಬರುತ್ತದೆ ಮೇಡಂ, ನಾವು ಗೋದಾಮಿನಲ್ಲಿ ಒರೆಸಿ ಚೀಲಕ್ಕೆ ತುಂಬುತ್ತೇವೆ' ಎಂದ. ಒರೆಸಿ! ಹದಿನೈದು ತಿಂಗಳು ನಾನು ದುಡ್ಡು ಕೊಟ್ಟದ್ದು ಆ ಒರೆಸುವ ಬಟ್ಟೆಗೆ.

ಫೋನ್ ಮಾಡಿದೆ. ಅವರ ಉತ್ತರಗಳನ್ನು ಬಂದ ಕ್ರಮದಲ್ಲೇ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಬರುತ್ತವೆ.

ಮೊದಲನೆಯದು: 'ಕ್ರೇಟ್ ಮಾತ್ರ ಮಂಡಿಯದು ಮೇಡಂ, ಹಳೆಯವನ್ನು ಕೊಂಡುಕೊಳ್ಳುತ್ತೇವೆ. ಮಾಲು ನಮ್ಮದೇ.' ನಿಜ ಹೇಳುತ್ತೇನೆ, ಅರ್ಧ ಗಂಟೆ ನಾನು ಇದನ್ನೂ ನಂಬಿದೆ. ಅಣ್ಣನ ಕಡೆ ತಿರುಗಿ 'ನೋಡು, ಕ್ರೇಟ್ ಮಾತ್ರವಂತೆ' ಎಂದೂ ಹೇಳಿದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಪ್ರಮಾಣಪತ್ರ ಕಳಿಸಿ ಎಂದೆ. ಉತ್ತರ: 'ಪ್ರಕೃತಿಗೆ ಯಾರು ಪ್ರಮಾಣಪತ್ರ ಕೊಡಲು ಸಾಧ್ಯ ಮೇಡಂ? ಇದು ನಂಬಿಕೆಯ ವಿಷಯ.' ನಾನು ಬಿಡಲಿಲ್ಲ. ಮೂರು ದಿನವಾದ ಮೇಲೆ ಒಂದು ಫೋಟೋ ಬಂತು. ಹಿಗ್ಗಿಸಿ ಓದಿದೆ. ಪ್ರಮಾಣಪತ್ರ ಯಾರೋ ಬೇರೆಯವರ ಹೆಸರಿನಲ್ಲಿತ್ತು. ಜಮೀನು ಮೂರು ಎಕರೆಯೂ ಇಲ್ಲ. ಬೆಳೆ ಎಂಬಲ್ಲಿ ತೆಂಗು, ಮಾವು, ಸಪೋಟ. ಟೊಮೆಟೊ ಇಲ್ಲ, ಕ್ಯಾರೆಟ್ ಇಲ್ಲ, ಕೊತ್ತಂಬರಿ ಇಲ್ಲ. ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಹದಿನೈದು ತಿಂಗಳಲ್ಲಿ ಅವರು ನಮಗೆ ಒಂದೇ ಒಂದು ತೆಂಗಿನಕಾಯಿ ಕಳಿಸಿದವರಲ್ಲ.

ಇಲ್ಲಿ ನಿಮಗೆ ಉಪಯೋಗವಾಗುವ ಮಾತು. ಸಾವಯವ ಪ್ರಮಾಣಪತ್ರ ಒಬ್ಬ ಮನುಷ್ಯನಿಗೋ ಒಂದು ಅಂಗಡಿಗೋ ಸಾರಾಸಗಟಾಗಿ ಕೊಡುವ ಬಿರುದಲ್ಲ. ಇಂಥ ಜಮೀನು, ಇಷ್ಟು ವಿಸ್ತೀರ್ಣ, ಇಂಥ ಬೆಳೆ, ಇಂಥ ದಿನದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ವಾರ್ಷಿಕ ಬೆಳೆಗಾದರೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಾದರೆ ಮೂರು ವರ್ಷ ಆ ಜಮೀನು ರಾಸಾಯನಿಕ ಬಿಟ್ಟು ಪರಿವರ್ತನೆಯಲ್ಲಿರಬೇಕು. ನಮ್ಮಲ್ಲಿ ಎರಡು ದಾರಿಗಳಿವೆ. ರಫ್ತಿನ ಲೆಕ್ಕದಲ್ಲಿ ಶುರುವಾದ ಎನ್‌ಪಿಒಪಿ ಎಂಬ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಲ್ಲಿ ಹೊರಗಿನ ಸಂಸ್ಥೆಯೊಂದು ಬಂದು ಪರಿಶೀಲಿಸುತ್ತದೆ. ಪಿಜಿಎಸ್‌ ಎಂಬ ಸಹಭಾಗಿ ಖಾತರಿ ಪದ್ಧತಿಯಲ್ಲಿ ರೈತರ ಗುಂಪೇ ಪರಸ್ಪರರ ಜಮೀನು ನೋಡಿ ಖಾತರಿ ಕೊಡುತ್ತದೆ. ಎರಡರಲ್ಲಿ ಯಾವುದಿದ್ದರೂ ಆಗ ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಗುರುತು ಇರಬೇಕಾಗಿತ್ತು. 2017ರ ನಿಯಮ ಅದು.

ಇದನ್ನೆಲ್ಲ ಓದಿಕೊಂಡು ಕೇಳಿದಾಗ ಮೂರನೆಯ ಉತ್ತರ: 'ಸಣ್ಣ ರೈತರಿಗೆ ಇದರಿಂದ ವಿನಾಯಿತಿ ಇದೆ ಮೇಡಂ.' ಇದೆ, ಸುಳ್ಳಲ್ಲ. ತಾನು ಬೆಳೆದದ್ದನ್ನು ತಾನೇ ನೇರವಾಗಿ ಮಾರುವ, ವರ್ಷಕ್ಕೆ ₹12 ಲಕ್ಷ ಮೀರದ ವಹಿವಾಟಿನ ಸಣ್ಣ ಉತ್ಪಾದಕನಿಗೆ ಇದೆ. ನಮ್ಮ ಸಮುಚ್ಚಯದ ಇಪ್ಪತ್ತೆರಡು ಮನೆ, ತಿಂಗಳಿಗೆ ₹4,200, ಹನ್ನೆರಡು ತಿಂಗಳು. ನೀವೇ ಗುಣಿಸಿ. ನಮ್ಮೊಂದು ಗೇಟಿನಿಂದಲೇ ವರ್ಷಕ್ಕೆ ಹನ್ನೊಂದು ಲಕ್ಷ. ಅಂಥ ಹತ್ತು ಗೇಟುಗಳಿಗೆ ಅವರ ವಾಹನ ಹೋಗುತ್ತಿತ್ತು. ಆ ವಿನಾಯಿತಿ ಇರುವುದು ನನ್ನ ಅಣ್ಣನಂಥವರಿಗೆ. ಅದನ್ನೂ ಇವರು ಕದ್ದರು.

ಕೊನೆಗೆ ಟೊಮೆಟೊವನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟೆ. ಕೆಲವು ಸಾವಿರ ಅದಕ್ಕೂ ಹೋಯಿತು. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಉಳಿಕೆ ಸಿಕ್ಕಿತು. ವರದಿ ಕಳಿಸಿದೆ. ಉತ್ತರ ಎರಡೇ ನಿಮಿಷದಲ್ಲಿ ಬಂತು: 'ಮಿತಿಯೊಳಗೇ ಇದೆಯಲ್ಲ ಮೇಡಂ.' ಇದ್ದದ್ದು ಮಾಮೂಲಿ ತರಕಾರಿಗೆ ಹಾಕಿದ ಮಿತಿಯೊಳಗೆ. ಸಾವಯವ ಎಂದು ಮಾರುವುದಕ್ಕೆ ಕೀಟನಾಶಕದ ಉಳಿಕೆ ಆ ಮಿತಿಯ ಶೇ 5ರಷ್ಟನ್ನು, ಇಲ್ಲವೇ ಯಂತ್ರ ಅಳೆಯಬಲ್ಲ ಕನಿಷ್ಠ ಪ್ರಮಾಣವನ್ನು ಮೀರಬಾರದು. ಅದನ್ನು ಬರೆದು ಕಳಿಸಿದೆ. ಆಗ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: 'ನಮ್ಮ ಕರಪತ್ರವನ್ನು ಸರಿಯಾಗಿ ಓದಿ. ನಾವು ನೈಸರ್ಗಿಕ ಎಂದು ಬರೆದಿದ್ದೇವೆ.' ಹುಡುಕಿ ತೆಗೆದು ನೋಡಿದೆ. 2023ರ ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ಸಾವಯವ' ಇದೆ. ಆ ವರ್ಷದ ದೀಪಾವಳಿಯ ನಂತರದ್ದರಲ್ಲಿ ಆ ಪದ ಮಾಯವಾಗಿ 'ನೈಸರ್ಗಿಕ', 'ವಿಷಮುಕ್ತ' ಎಂದಾಗಿದೆ. ಹಸು ಮಾತ್ರ ಅದೇ ಜಾಗದಲ್ಲಿ ನಿಂತಿದೆ.

ಹಾಗಾದರೆ ಸಾವಯವವೇ ಮೋಸವೇ ಎಂದು ನಮ್ಮ ಸಮುಚ್ಚಯದಲ್ಲಿ ಈಗ ಎಲ್ಲರೂ ಕೇಳುತ್ತಾರೆ. ಅಲ್ಲ. ಸಿಟ್ಟಿನಲ್ಲಿ ನಾನೂ ಹಾಗೆಯೇ ಅಂದುಕೊಂಡು ಕೆಲವು ರಾತ್ರಿ ಕೂತು ಓದಿದೆ. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ, ಪೋಷಕಾಂಶಗಳಲ್ಲಿ ದೊಡ್ಡ ವ್ಯತ್ಯಾಸಕ್ಕೆ ಗಟ್ಟಿ ಪುರಾವೆ ಇಲ್ಲ, ಕೀಟನಾಶಕದ ಉಳಿಕೆ ಮಾತ್ರ ಸಾವಯವದಲ್ಲಿ ಕಡಿಮೆ ಎಂದರು. 2014ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ ಸಾವಯವ ಬೆಳೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಕಡಿಮೆ ಎಂದಿತು. ಪೋಷಕಾಂಶದ ಜಗಳ ಇನ್ನೂ ಮುಗಿದಿಲ್ಲ, ಉಳಿಕೆ ಕಡಿಮೆ ಎಂಬುದನ್ನು ಇಬ್ಬರೂ ಒಪ್ಪಿದ್ದಾರೆ. ಅಂದರೆ ನಾವು ಹೆಚ್ಚು ಬೆಲೆ ಕೊಡುವುದು ಬಣ್ಣಕ್ಕಲ್ಲ, ರುಚಿಗಲ್ಲ, ಆ ಜಮೀನಿನಲ್ಲಿ ಏನನ್ನು ಹೊಡೆದಿಲ್ಲ ಎಂಬ ಮಾತಿಗೆ. ಆ ಮಾತು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಸಿಗುವುದಿಲ್ಲ. ಹದಿನೈದು ತಿಂಗಳು ನಾನು 'ಎಷ್ಟು ರುಚಿ ನೋಡಿ' ಎಂದು ಅತಿಥಿಗಳಿಗೆಲ್ಲ ಬಡಿಸಿದ್ದು ಮಂಡಿಯ ಟೊಮೆಟೊವನ್ನೇ.

ಅಣ್ಣನನ್ನು ಆಮೇಲೆ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದ. ಔಷಧಿ ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ತಾನು ಕಾಯುತ್ತೇನೆ, ಬೆಲೆ ಏರಿದ ವಾರದಲ್ಲಿ ಕಾಯದವರೂ ಇದ್ದಾರೆ. ಮನೆಗೆ ಬೇಕಾದ ನಾಲ್ಕು ಸಾಲಿಗೆ ಬೇವಿನ ಹಿಂಡಿ, ಬೇವಿನೆಣ್ಣೆ ಬಿಟ್ಟರೆ ಬೇರೇನೂ ಹಾಕುವುದಿಲ್ಲ. ಅತ್ತಿಗೆ ಆ ಹಬ್ಬದ ದಿನ ಚೀಲಕ್ಕೆ ತುಂಬಿದ್ದು ಆ ನಾಲ್ಕು ಸಾಲಿನದ್ದು.

ಹಣ ವಾಪಸು ಬಂದಿಲ್ಲ. ಆರನೆಯ ಕಂತಿಗೆ ಅವರಿಂದ ಎರಡು ಸಲ ನೆನಪೋಲೆ ಬಂತು, ಆಮೇಲೆ ನನ್ನ ಸಂಖ್ಯೆಯನ್ನು ತಡೆಹಿಡಿದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇನೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಕರಪತ್ರ, ರಸೀದಿ, ಸಂದೇಶ ಯಾವುದನ್ನೂ ಅಳಿಸಬೇಡಿ. ಮುಂಗಡ ಕೊಡಬೇಡಿ. ತೋಟ ತೋರಿಸದವರ ಹತ್ತಿರ ಕೊಳ್ಳಬೇಡಿ. ಪ್ರಮಾಣಪತ್ರದಲ್ಲಿ ನಿಮ್ಮ ತರಕಾರಿಯ ಹೆಸರು ಇದೆಯೇ ಎಂದು ಓದಿ, ಓದಿ, ದಯವಿಟ್ಟು ಓದಿ. ಅದು ಆಗದಿದ್ದರೆ ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡಿರುವ ಹೆಂಗಸಿನ ಹತ್ತಿರ ಮಾಮೂಲಿ ತರಕಾರಿ ಕೊಂಡು ಚೆನ್ನಾಗಿ ತೊಳೆದು ತಿನ್ನಿ. ಆಕೆ ತನ್ನ ತರಕಾರಿಯ ಬಗ್ಗೆ ನನಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ.

ಇಷ್ಟನ್ನು ಇವತ್ತೇ ಕೂತು ಬರೆಯಲು ಕಾರಣವಿದೆ. ನಿನ್ನೆ ಸಂಜೆ ಪಕ್ಕದ ಬಡಾವಣೆಯ ಗೆಳತಿ ಒಂದು ಕರಪತ್ರದ ಫೋಟೋ ಕಳಿಸಿ 'ಇವರು ಹೇಗೆ, ನಿನಗೆ ಇದೆಲ್ಲ ಗೊತ್ತಲ್ಲ' ಎಂದು ಕೇಳಿದಳು. ಹೊಸ ಹೆಸರು, ಹೊಸ ಫೋನ್ ಸಂಖ್ಯೆ, ಮೂರು ತಿಂಗಳ ಮುಂಗಡ ಈಗ ₹13,500. ಮೇಲೆ ಅದೇ ಮಲೆನಾಡು ಗಿಡ್ಡ, ಪಕ್ಕದಲ್ಲಿ ಮಣ್ಣಾದ ಅದೇ ಎರಡು ಅಂಗೈ.