56 ಎಪಿಒಗೆ ಪಾರ್ಸೆಲ್ ಕಳಿಸಿದ ಅನುಭವ

ಸೇನೆಯಲ್ಲಿರುವ ಮಗನಿಗೆ ತಿಂಡಿ ಹೇಗೆ ಕಳಿಸ್ತೀರಿ ಅಂತ ನಮ್ಮ ಕಡೆಯ ನಾಲ್ಕೈದು ಮನೆಯವರು ಕೇಳಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಅಂಚೆ ಕಚೇರಿಗೇ ಹೋಗಿ. ಕೊರಿಯರ್ ಬೇಡ.

ನಾವು ಹೊಸನಗರ ತಾಲ್ಲೂಕು, ನಗರದ ಕಡೆಯವರು. ಮಗ ಸೇನೆಗೆ ಸೇರಿ ಐದು ವರ್ಷವಾಯಿತು. ಅವನ ವಿಳಾಸದಲ್ಲಿ ಊರಿನ ಹೆಸರೇ ಇಲ್ಲ. ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೇರಾಫ್ 56 ಎಪಿಒ (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ), ಆಮೇಲೆ 9ರಿಂದ ಶುರುವಾಗುವ ಪಿನ್ ಕೋಡ್. ಅಷ್ಟೇ. 2024ರ ದೀಪಾವಳಿಗೆ ಶಿವಮೊಗ್ಗದ ಒಂದು ಕೊರಿಯರ್ ಅಂಗಡಿಯಲ್ಲಿ ಡಬ್ಬ ಕೊಟ್ಟು ಬಂದಿದ್ದೆವು. ದುಡ್ಡು ತಗೊಂಡರು, ರಸೀದಿ ಕೊಟ್ಟರು. ಒಂಬತ್ತು ದಿನದ ಮೇಲೆ ಡಬ್ಬ ವಾಪಸ್ ಬಂತು. ‘ಊರು ಯಾವುದು ಅಂತ ಬರೆದಿಲ್ಲ’ ಅಂದರು. ಚಕ್ಕುಲಿ ಮೆತ್ತಗಾಗಿತ್ತು. ಹಬ್ಬವೂ ಮುಗಿದಿತ್ತು. ಆ ವಿಳಾಸಕ್ಕೆ ಮುಟ್ಟಿಸುವುದು ಅಂಚೆ ಇಲಾಖೆ ಮಾತ್ರ ಅಂತ ಅವರು ಮೊದಲೇ ಹೇಳಬಹುದಿತ್ತು.

ಪೋಸ್ಟ್ ಆಫೀಸಿನ ಕೌಂಟರಿನಲ್ಲಿದ್ದವರು ವಿಳಾಸ ನೋಡಿದ ಕೂಡಲೇ ‘ಮಿಲಿಟರಿಯದ್ದಾ ಅಮ್ಮಾ, ಕೊಡಿ’ ಅಂದರು. 56 ಎಪಿಒ ಅಂದರೆ ಡಬ್ಬ ದೆಹಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗುತ್ತದೆ, 99 ಎಪಿಒ ಅಂದರೆ ಕೋಲ್ಕತ್ತಾದ್ದಕ್ಕೆ. ಯಾವ ಯೂನಿಟ್ ಎಲ್ಲಿದೆ ಅಂತ ಗೊತ್ತಿರುವುದು ಅಲ್ಲಿಂದ ಮುಂದಿನವರಿಗೆ. ಸೇನಾ ಅಂಚೆಯಲ್ಲಿ ಕೆಲಸ ಮಾಡುವವರಲ್ಲಿ ತುಂಬಾ ಜನ ಅಂಚೆ ಇಲಾಖೆಯಿಂದಲೇ ಡೆಪ್ಯುಟೇಶನ್ ಮೇಲೆ ಹೋದವರಂತೆ. ಅದನ್ನು ಕೇಳಿ ಮನಸ್ಸಿಗೆ ಏನೋ ಧೈರ್ಯ ಬಂತು. ನಮ್ಮ ಮಾವನವರು 1971ರ ಯುದ್ಧದಲ್ಲಿ ಪೂರ್ವದ ಕಡೆ ಇದ್ದರು. ಅವರ ಹಳೇ ಕಾಗದಗಳ ಮೇಲೆ 99 ಎಪಿಒ ಅಂತಲೇ ಇದೆ. ಅವನ್ನು ಅತ್ತೆ ಅರಿಶಿನ ಕುಂಕುಮದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು.

ಇನ್ನು ಏನು ಕಳಿಸಬಹುದು ಅನ್ನುವುದು. ತೊಡೆದೇವು ಬೇಡ, ಕಾಗದದಷ್ಟು ತೆಳು ಸಿಹಿತಿಂಡಿ ಅದು, ಪುಡಿ ಆಗಿ ಹೋಗುತ್ತದೆ. ಹಲಸಿನ ಚಿಪ್ಸ್ ಗಟ್ಟಿ ಡಬ್ಬಿಯಲ್ಲಿ ತುಂಬಿದರೆ ತೊಂದರೆ ಇಲ್ಲ. ಹಲಸಿನ ಹಪ್ಪಳ ಎಲ್ಲಕ್ಕಿಂತ ಒಳ್ಳೆಯದು, ತೂಕ ಕಡಿಮೆ, ಕೆಡುವುದಿಲ್ಲ. ಚಟ್ನಿಪುಡಿ, ಮೆಂತ್ಯದ ಹಿಟ್ಟು ಹಾಕಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸದೆ ನನಗೆ ಸಮಾಧಾನವಿಲ್ಲ. ಆದರೆ ರಸ ಸೋರಿದರೆ ಬೇರೆಯವರ ಕಾಗದವೂ ಹಾಳು. ಹಾಗಾಗಿ ಮಿಡಿಯನ್ನು ರಸದಿಂದ ತೆಗೆದು, ಸ್ವಲ್ಪವೇ ಖಾರ ಹಿಡಿಸಿ, ಪ್ಲಾಸ್ಟಿಕ್ ಭರಣಿಗೆ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಕವರಿನೊಳಗೆ ಕಟ್ಟಿದೆ. ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಮೇಲೆ ಬಿಳಿ ಬಟ್ಟೆ ಹೊಲಿದೆವು. ವಿಳಾಸ ಇಂಗ್ಲಿಷಿನಲ್ಲಿ, ಅಳಿಸದ ಮಾರ್ಕರಿನಲ್ಲಿ ಬರೆಯಿರಿ. ಒಳಗೂ ಒಂದು ಚೀಟಿಯಲ್ಲಿ ಅದೇ ವಿಳಾಸ ಬರೆದಿಡಿ. ಮೇಲಿನ ಬಟ್ಟೆ ಹರಿದರೂ ಡಬ್ಬ ಯಾರದ್ದು ಅಂತ ತಿಳಿಯುತ್ತದೆ.

2025ರ ಮೇ 3, ಶನಿವಾರ ಬುಕ್ ಮಾಡಿದೆವು. ನಾಲ್ಕೂವರೆ ಕೆಜಿ. ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದು ಆಗ ಹನ್ನೊಂದು ದಿನ. ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಊರಲ್ಲಿ ಬೇರೆ ಮಾತೇ ಇರಲಿಲ್ಲ. 6ನೇ ತಾರೀಕು ಸಂಜೆ ಮಗ ಫೋನ್ ಮಾಡಿ, ‘ಸ್ವಲ್ಪ ದಿನ ಫೋನ್ ಇರಲ್ಲ ಅಮ್ಮಾ, ಹೆದರಬೇಡ’ ಅಂದ. ಎಲ್ಲಿದ್ದೀಯ ಅಂತ ನಾನು ಕೇಳುವುದಿಲ್ಲ. ‘ಬಿಸಿಲು ಜಾಸ್ತಿ’ ಅಂದ, ಹಿಮದ ಕಡೆ ಅಲ್ಲ ಅಂದುಕೊಂಡೆ. ಬೆಳಗಾಗುವುದರೊಳಗೆ ಆಪರೇಷನ್ ಸಿಂಧೂರ್ ಶುರುವಾಗಿತ್ತು.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ತೋಟದ ಮೇಲಿನ ಗುಡ್ಡ ಹತ್ತಬೇಕು. ಆ ದಿನಗಳಲ್ಲಿ ಬೆಳಗ್ಗೆ ಒಂದು ಸಲ, ಸಂಜೆ ದೀಪ ಹಚ್ಚುವ ಮೊದಲು ಒಂದು ಸಲ ಹತ್ತುತ್ತಿದ್ದೆ. ಅವನ ಫೋನ್ ಸ್ವಿಚ್ ಆಫ್. ಆಮೇಲೆ ಪಾರ್ಸೆಲ್ಲಿನ ನಂಬರ್ ಒತ್ತಿ ನೋಡುತ್ತಿದ್ದೆ. ಡಬ್ಬ ಬೆಂಗಳೂರು ದಾಟಿತು, ದೆಹಲಿ ಮುಟ್ಟಿತು. ಮಗನ ಸುದ್ದಿ ಇಲ್ಲದಾಗ ಡಬ್ಬವಾದರೂ ಅವನ ಕಡೆ ಹೋಗ್ತಾ ಇದೆಯಲ್ಲ ಅನ್ನಿಸುತ್ತಿತ್ತು. ದೆಹಲಿಯಿಂದ ಮುಂದಿನ ಊರಿನ ಹೆಸರು ಬರಲಿಲ್ಲ. ಅದು ಸರಿಯೇ. ನಮಗೆ ಕಾಣುವುದು ಬೇರೆಯವರಿಗೂ ಕಾಣುತ್ತದೆ ಅಲ್ವಾ? ಉತ್ತರ, ಪಶ್ಚಿಮದ ಕಡೆ 32 ವಿಮಾನ ನಿಲ್ದಾಣ ಮುಚ್ಚಿದ್ದರು, ತಡವಾಗುತ್ತದೆ ಅಂತ ಗೊತ್ತಿತ್ತು. 10ರ ಸಂಜೆ ಗುಂಡಿನ ದಾಳಿ ನಿಲ್ಲಿಸಲು ಒಪ್ಪಿದ್ದಾರೆ ಅಂತ ಸುದ್ದಿ ಬಂತು. 12ನೇ ತಾರೀಕು ಗುಡ್ಡದ ಮೇಲೆ ಅವನ ಫೋನ್ ಬಂತು. ಎರಡು ನಿಮಿಷ. ಮಾತಾಡಿದ್ದಕ್ಕಿಂತ ಅತ್ತಿದ್ದೇ ಜಾಸ್ತಿ.

ಪಾರ್ಸೆಲ್ ಸಿಕ್ಕಿದ್ದು ಮೇ 29ಕ್ಕೆ, 26 ದಿನದ ಮೇಲೆ. ಇಲ್ಲಿ ಆಗಲೇ ಮಳೆ ಹಿಡಿದಿತ್ತು. ಭರಣಿ ಸೋರಿರಲಿಲ್ಲ. ಚಿಪ್ಸ್ ಗರಿಗರಿಯಾಗೇ ಇತ್ತಂತೆ. ಹಪ್ಪಳವನ್ನು ಲಂಗರಿನ, ಅಂದರೆ ಯೂನಿಟ್ಟಿನ ಅಡುಗೆಮನೆಯ, ಅಡುಗೆಯವರು ಒಂದೇ ರಾತ್ರಿ ಕರಿದು ಎಲ್ಲರಿಗೂ ಹಂಚಿದರಂತೆ. ಗಢವಾಲದ ಹುಡುಗನೊಬ್ಬ ಅಪ್ಪೆಮಿಡಿ ಮೂಸಿ ನೋಡಿ, ಇದು ಮಾವಿನಕಾಯಿನಾ ಜೀರಿಗೆನಾ ಅಂತ ಕೇಳಿದನಂತೆ. ನಮ್ಮದು ಜೀರಿಗೆ ಮಿಡಿ, ಹೊಳೆ ದಂಡೆಯ ಮರದ್ದು.

ಒಳಗೆ ಒಂದು ಕಾಗದವನ್ನೂ ಇಟ್ಟಿದ್ದೆ. ಗೌರಿ ಕರು ಹಾಕಿದ್ದು, ಅಡಿಕೆಗೆ ಎಲೆಚುಕ್ಕಿ ಬಂದದ್ದು, ಅಪ್ಪನ ಮೊಣಕಾಲು, ಹೀಗೆ ಮನೆಯ ವಿಷಯ. ಫೋನಿನಲ್ಲಿ ಮಾತಾಡಿದ್ದು ಅಲ್ಲಿಗೇ ಮುಗಿಯುತ್ತದೆ ಅಮ್ಮಾ, ಇದನ್ನು ಡ್ಯೂಟಿ ಮುಗಿಸಿ ಬಂದು ಮತ್ತೆ ಓದಬಹುದು ಅಂದ. ಡಬ್ಬ ಕಳಿಸುವವರು ಕಾಗದ ಬರೆದೇ ಕಳಿಸಿ. ದಿನಸಿ ಲೆಕ್ಕದಂಥದ್ದಾದರೂ ಸರಿ.

ದರ ತೂಕದ ಮೇಲೆ. ಬುಕಿಂಗ್ ರಸೀದಿಯನ್ನು ಡಬ್ಬ ಮುಟ್ಟುವ ತನಕ ಜೋಪಾನ ಮಾಡಿ. ‘ಈ ಸಲ ಅರವತ್ತು ಹಪ್ಪಳ ಯಾವ ಮೂಲೆಗೂ ಸಾಲಲಿಲ್ಲ’ ಅಂತ ಮಗ ಹೇಳಿದ್ದಾನೆ. ಮಳೆ ಹಿಡಿಯುವ ಮೊದಲು ಒಣಗಿಸಿದ್ದರಲ್ಲಿ ಇನ್ನೂರು ತೆಗೆದಿಟ್ಟಿದ್ದೇನೆ. ಬಿಳಿ ಬಟ್ಟೆಯನ್ನೂ ತಂದಾಗಿದೆ.