ರೀಮಿಕ್ಸ್‌ನಲ್ಲಿ ಒಂದು ಚೀಟಿ ನಡೆಸಿ ನೋಡಿದ ಮೇಲೆ

ಸ್ಮಾರ್ಟ್ ಕಾಂಟ್ರ್ಯಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆ ನಡೆಯುವ ಒಪ್ಪಂದದ ಪ್ರೋಗ್ರಾಂ, ಏನೆಂದು ತಿಳಿಯಲು ಹೊರಟವರಿಗೆ ಮೊದಲು ಸಿಗುವುದು ವಿವರಣೆಗಳ ರಾಶಿ. ಅವನ್ನೆಲ್ಲ ಬದಿಗಿಟ್ಟು ನೇರವಾಗಿ ರೀಮಿಕ್ಸ್ ತೆರೆಯಿರಿ ಎಂಬುದು, ಲೆಕ್ಕ ಬರೆಯುವುದನ್ನೇ ಕಸುಬಾಗಿಸಿಕೊಂಡಿರುವ ನನ್ನ ಸಲಹೆ. ಇಥೀರಿಯಂ ಎಂಬ ಬ್ಲಾಕ್‌ಚೈನ್‌ಗಾಗಿ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡು ಇಟ್ಟುಕೊಳ್ಳುವ ಲೆಕ್ಕದ ಪುಸ್ತಕ) ಸಾಲಿಡಿಟಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಇರುವ ಈ ಉಚಿತ ಸಲಕರಣೆ ಬ್ರೌಸರಿನಲ್ಲೇ ನಡೆಯುತ್ತದೆ. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಕ್ರಿಪ್ಟೋ ಕೊಳ್ಳಬೇಕಿಲ್ಲ. ಒಳಗಿರುವ ಕೃತಕ ಬ್ಲಾಕ್‌ಚೈನ್‌ನಲ್ಲಿ ತಲಾ 100 ಈಥರ್ (ಇಥೀರಿಯಂನ ನಾಣ್ಯ) ಇರುವ ಹಲವು ಖಾತೆಗಳು ಸಿದ್ಧವಾಗಿರುತ್ತವೆ. ಆ ಹಣ ಸುಳ್ಳು, ಆದರೆ ಲೆಕ್ಕ ನಿಜ.

ತೆರೆದೊಡನೆ ಸ್ಟೋರೇಜ್ ಎಂಬ ಪುಟ್ಟ ಮಾದರಿ ಸಿಗುತ್ತದೆ. ಅದರ ಕೆಲಸ ಇಷ್ಟೇ: ಒಂದು ಸಂಖ್ಯೆಯನ್ನು ಇಟ್ಟುಕೊಳ್ಳುವುದು, ಕೇಳಿದಾಗ ಹೇಳುವುದು. ಕಂಪೈಲ್ ಮಾಡಿ (ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸಿ), ಬ್ಲಾಕ್‌ಚೈನ್‌ಗೆ ಏರಿಸುವ ಡಿಪ್ಲಾಯ್ ಒತ್ತಿದರೆ ಎರಡು ಗುಂಡಿಗಳು ಕಾಣಿಸುತ್ತವೆ. ಸಂಖ್ಯೆ ಬರೆಯುವುದು ಕಿತ್ತಳೆ ಬಣ್ಣದ್ದು, ಓದುವುದು ನೀಲಿ ಬಣ್ಣದ್ದು. ಕಿತ್ತಳೆ ಗುಂಡಿ ಒತ್ತಿದಾಗಲೆಲ್ಲ ಖಾತೆಯಿಂದ ಗ್ಯಾಸ್ ಶುಲ್ಕ ಕಳೆಯುತ್ತದೆ; ಗ್ಯಾಸ್ ಎಂದರೆ ಬ್ಲಾಕ್‌ಚೈನ್ ಮಾಡುವ ಕೆಲಸದ ಅಳತೆ. ನೀಲಿ ಗುಂಡಿಯನ್ನು ನೂರು ಸಲ ಒತ್ತಿದರೂ ಕಾಸು ಕದಲುವುದಿಲ್ಲ. ಮೊದಲ ಸಲ ಸಂಖ್ಯೆ ಬರೆಯಲು 40,000ಕ್ಕೂ ಹೆಚ್ಚು ಗ್ಯಾಸ್ ಬೇಕಾಯಿತು. ಅದೇ ಜಾಗದಲ್ಲಿ ಇನ್ನೊಂದು ಸಂಖ್ಯೆ ಬರೆದಾಗ 27,000ದೊಳಗೆ ಮುಗಿಯಿತು. ಖಾತೆ ಪುಸ್ತಕದಲ್ಲಿ ಹೊಸ ಪುಟ ತೆರೆಯುವುದಕ್ಕೂ ಇದ್ದ ಪುಟದ ಮೊತ್ತವನ್ನು ತಿದ್ದುವುದಕ್ಕೂ ಬೇರೆ ಬೇರೆ ದರವಿದ್ದಂತೆ ಇದು. ಬ್ಲಾಕ್‌ಚೈನ್‌ನಲ್ಲಿ ಜಾಗ ಏಕೆ ದುಬಾರಿ ಎಂಬುದು ನನಗೆ ಅರ್ಥವಾದದ್ದು ಈ ಎರಡು ಅಂಕಿಗಳಿಂದ.

ಮಾದರಿ ಮುಗಿಸಿ ನಾನೇ ಒಂದು ಚೀಟಿ ವ್ಯವಹಾರ ಬರೆದೆ: ಐದು ಸದಸ್ಯರು, ತಲಾ 1 ಈಥರ್ ಕಂತು. ಮೊದಲ ಕಂತೇ ತಿರಸ್ಕೃತವಾಯಿತು. ತಪ್ಪು ನನ್ನದೇ, ಮೊತ್ತದ ಪಕ್ಕದ ಅಳತೆಯನ್ನು ಈಥರ್‌ಗೆ ಬದಲಿಸದೆ ವೇ (ಈಥರ್‌ನ ಅತಿ ಚಿಕ್ಕ ಅಂಶ) ಎಂದೇ ಬಿಟ್ಟಿದ್ದೆ. ಒಂದು ಈಥರ್ ಎಂದರೆ 1ರ ಮುಂದೆ ಹದಿನೆಂಟು ಸೊನ್ನೆಗಳಷ್ಟು ವೇ! ಕಂತು ಕಡಿಮೆ ಎಂಬ ಎಚ್ಚರಿಕೆಯನ್ನು ಕನ್ನಡದಲ್ಲೇ ಬರೆದಿದ್ದೆ. ಉದ್ಧರಣ ಚಿಹ್ನೆಯ ಮುಂದೆ ಯೂನಿಕೋಡ್ ಎಂಬ ಪದವನ್ನು ಸೇರಿಸಿದರೆ ಸಾಲಿಡಿಟಿ ಅದನ್ನು ಒಪ್ಪುತ್ತದೆ, ಆದರೆ ಚರಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಬಳಿಕ ಸಾಲೊಂದನ್ನು ತಿದ್ದಿ ಮತ್ತೆ ಡಿಪ್ಲಾಯ್ ಒತ್ತಿದೆ. ಹಳೆಯದು ಸರಿಯಾಗಲಿಲ್ಲ, ಹೊಸ ವಿಳಾಸದಲ್ಲಿ ಇನ್ನೊಂದು ಕಾಂಟ್ರ್ಯಾಕ್ಟ್ ಹುಟ್ಟಿತು, ಹಳೆಯದು ತನ್ನ ತಪ್ಪನ್ನೂ ಕಟ್ಟಿಸಿಕೊಂಡ ಕಂತುಗಳನ್ನೂ ಹೊತ್ತು ಪಕ್ಕದಲ್ಲೇ ಉಳಿಯಿತು. ಒಮ್ಮೆ ಏರಿಸಿದ ಕೋಡ್ ಬದಲಾಗದು ಎಂಬ ಮಾತನ್ನು ಎಷ್ಟೋ ಸಲ ಓದಿದ್ದೆ, ಆದರೆ ಸಿಕ್ಕಿಕೊಂಡ ಹಣವನ್ನು ಪರದೆಯ ಮೇಲೆ ನೋಡಿದ್ದು ಆಗಲೇ. 2016ರ ಜೂನ್‌ನಲ್ಲಿ ಹಲವರ ಹಣ ಕೂಡಿಸಿದ್ದ ದಿ ಡಿಎಒ ಎಂಬ ಕಾಂಟ್ರ್ಯಾಕ್ಟ್‌ನಿಂದ ಸುಮಾರು 36 ಲಕ್ಷ ಈಥರ್ ಸೋರಿಹೋದದ್ದು ಹಣವನ್ನು ಮೊದಲು ಕೊಟ್ಟು, ಲೆಕ್ಕವನ್ನು ಆಮೇಲೆ ತಿದ್ದುವ ಕ್ರಮದಿಂದ. ಪಾಸ್‌ಬುಕ್‌ನಲ್ಲಿ ನಮೂದಿಸುವ ಮೊದಲೇ ನಗದು ಕೊಡುವ ಗುಮಾಸ್ತನ ಮುಂದೆ ಒಬ್ಬನೇ ಗ್ರಾಹಕ ಮತ್ತೆ ಮತ್ತೆ ಕೈಚಾಚಿದಂತೆ. ಆ ದೋಷವನ್ನು ಇಲ್ಲಿ ಬೇಕೆಂದೇ ಬರೆದು, ತಪ್ಪು ಹುಡುಕುವ ಡಿಬಗ್ಗರ್‌ನಲ್ಲಿ ಹೆಜ್ಜೆಹೆಜ್ಜೆಯಾಗಿ ನೋಡಬಹುದು.

ಇನ್ನು ಕೊರತೆಗಳು. ಮೊದಲ ನೋಟಕ್ಕೆ ಪರದೆ ತುಂಬ ಐಕಾನ್‌ಗಳು. ಯಾವುದು ಮೊದಲು, ಯಾವುದು ನಂತರ ಎಂದು ಅದು ಕೈಹಿಡಿದು ಹೇಳುವುದಿಲ್ಲ. ಪ್ರೋಗ್ರಾಮಿಂಗ್‌ನ ಗಂಧವೇ ಇಲ್ಲದವರು ಬೇರೆಡೆ ಒಂದಿಷ್ಟು ಅಕ್ಷರಾಭ್ಯಾಸ ಮಾಡಿಕೊಂಡು ಬರುವುದು ಒಳ್ಳೆಯದು. ಕಡತಗಳು ಬ್ರೌಸರಿನ ಸಂಗ್ರಹದಲ್ಲೇ ಇರುವುದರಿಂದ ಅದನ್ನು ಅಳಿಸಿದರೆ ಬರೆದದ್ದೂ ಅಳಿಯುತ್ತದೆ. ದಿನದ ಕೊನೆಗೆ ಒಂದು ಪ್ರತಿ ಇಳಿಸಿಕೊಳ್ಳಿ.

ನನ್ನ ಚೀಟಿಯಲ್ಲಿ ಉಳಿದ ಪ್ರಶ್ನೆಗೆ ಮಾತ್ರ ಯಾವ ಸಲಕರಣೆಯಲ್ಲೂ ಉತ್ತರವಿಲ್ಲ. ಗಡುವಿನ ದಿನ ಬಂದರೂ ಕಾಂಟ್ರ್ಯಾಕ್ಟ್ ತಾನಾಗಿ ಏಳುವುದಿಲ್ಲ, ಯಾರಾದರೂ ಗುಂಡಿ ಒತ್ತಲೇಬೇಕು. ಮೊದಲ ತಿಂಗಳೇ ಚೀಟಿ ಎತ್ತಿದವನು ಎರಡನೆಯ ಕಂತಿಗೆ ಬಾರದಿದ್ದರೆ ಅವನ ಜೇಬಿಗೆ ಕೈಹಾಕುವ ಶಕ್ತಿಯೂ ಅದಕ್ಕಿಲ್ಲ; ಪ್ರತಿಯೊಬ್ಬರಿಂದಲೂ ಪೂರ್ತಿ ಮೊತ್ತವನ್ನು ಮುಂಗಡವಾಗಿ ಕಟ್ಟಿಸಿಕೊಳ್ಳಬೇಕು, ಆಗ ಅದು ಚೀಟಿಯೇ ಅಲ್ಲ. ಸೆಪೋಲಿಯಾ ಪರೀಕ್ಷಾ ಜಾಲಕ್ಕೆ ಅದನ್ನು ಏರಿಸಬೇಕೆಂದಿದ್ದೆ. ಸದ್ಯಕ್ಕೆ ಐವರು ಸುಳ್ಳು ಸದಸ್ಯರೊಂದಿಗೆ ರೀಮಿಕ್ಸ್‌ನಲ್ಲೇ ನಡೆಯುತ್ತಿದೆ.