ಅಡಿಕೆ ಚೊಗರಿನ ಕೈಮಗ್ಗದ ಬಟ್ಟೆ: ಹೊಸ ಬೊಟಿಕ್‌ನವರು ಕತ್ತರಿ ಹಾಕುವ ಮುನ್ನ

ಎಳೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸವೇ ಚೊಗರು. ಬೇಯಿಸಿದ ಅಡಿಕೆಗೆ ಮೆರುಗು ಕೊಡುವ ಈ ರಸ ಹತ್ತಿ ನೂಲಿಗೂ ಚೆನ್ನಾಗಿ ಹಿಡಿಯುತ್ತದೆ. ಇದನ್ನು ಬಳಕೆಗೆ ತಂದವರಲ್ಲಿ ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಇರುವ ಭೀಮನಕೋಣೆಯ ‘ಚರಕ’ ಮಹಿಳಾ ಸಹಕಾರ ಸಂಘದ ಹೆಸರು ಎಲ್ಲರಿಗೂ ಗೊತ್ತು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಸ್ವಂತ ಲೇಬಲ್ ಕಟ್ಟಲು ಹೊರಟ ಹುಡುಗ ಹುಡುಗಿಯರಿಗೆ ಇದು ಊರಿನದೇ ಬಟ್ಟೆ. ಮೈಗೆ ಹಿತ, ಮಣ್ಣಿನಂಥ ಬಣ್ಣ, ಒಗೆದಷ್ಟೂ ಮೆತ್ತಗಾಗುತ್ತದೆ. ಆದರೆ ಮಿಲ್ ಬಟ್ಟೆಯ ಲೆಕ್ಕದಲ್ಲಿ ಕತ್ತರಿಸಿದರೆ ಮೊದಲ ಆರ್ಡರ್‌ನಲ್ಲೇ ಕೈಸುಡುತ್ತದೆ.

ಮೊದಲ ಪೆಟ್ಟು ಕುಗ್ಗುವಿಕೆಯದು. ಒಂದು ತುಂಡಿನ ಮೇಲೆ 50 ಸೆಂ.ಮೀ. ಚೌಕವನ್ನು ದಾರದಿಂದ ಗುರುತು ಮಾಡಿ. ಚಾಕ್ ಗುರುತು ನೀರಿಗೆ ಹೋಗಿಬಿಡುತ್ತದೆ. ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಅಳೆಯಿರಿ. 47.5 ಸೆಂ.ಮೀ. ಬಂದರೆ ಶೇ. 5 ಕುಗ್ಗಿದೆ ಎಂದರ್ಥ. ಕುರ್ತಾಕ್ಕೆ ಎರಡೂವರೆ ಮೀಟರ್‌ನಂತೆ 40 ಕುರ್ತಾಕ್ಕೆಂದು 100 ಮೀಟರ್ ತಂದಿದ್ದರೆ, ನೆನೆಸಿದ ಮೇಲೆ ಕೈಯಲ್ಲಿ ಉಳಿಯುವುದು 95 ಮೀಟರ್. ಅದರಲ್ಲಿ ಏಳುವುದು 38 ಕುರ್ತಾ ಮಾತ್ರ. ಬೆಲೆ ಕಟ್ಟುವಾಗ ಹೆಚ್ಚಿನವರು ಮರೆಯುವುದು ಈ ಎರಡು ಕುರ್ತಾಗಳನ್ನೇ. ಕಾಲರ್‌ಗೆ ಹಾಕುವ ಕ್ಯಾನ್ವಾಸನ್ನೂ ಒಮ್ಮೆ ತೋಯಿಸಿ ನೋಡಿ. ಬಟ್ಟೆ ಒಂದು ಅಳತೆಗೆ, ಕ್ಯಾನ್ವಾಸ್ ಇನ್ನೊಂದು ಅಳತೆಗೆ ಕುಗ್ಗಿದರೆ ಕಾಲರ್ ಗುಳ್ಳೆ ಏಳುತ್ತದೆ.

ಇನ್ನು ಬಣ್ಣ. ಚೊಗರಿನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶಕ್ಕೆ ಕಬ್ಬಿಣ ಸೋಕಿದರೆ ಕಪ್ಪಾಗುತ್ತದೆ. ಬೂದು, ಕಪ್ಪು ಛಾಯೆ ಬೇಕಾದಾಗ ಬಣ್ಣಗಾರರು ಬೇಕೆಂದೇ ಕಬ್ಬಿಣ ಸೇರಿಸುವುದೂ ಉಂಟು. ಹೊಲಿಗೆ ಮೇಜಿನ ಮೇಲೆ ಮಾತ್ರ ಅದೇ ಗುಣ ಶತ್ರು. ಒದ್ದೆ ಬಟ್ಟೆಗೆ ಚುಚ್ಚಿಟ್ಟ ತುಕ್ಕು ಗುಂಡುಸೂಜಿಯ ಸುತ್ತ ಸಾಸಿವೆ ಕಾಳಿನಷ್ಟು ಕಪ್ಪು ಮೂಡುತ್ತದೆ. ಸೋಪಿಗೆ ಅದು ಬಗ್ಗುವುದಿಲ್ಲ. ಸ್ಟೀಮ್ ಇಸ್ತ್ರಿಯ ತೂತಿನಿಂದ ಒಂದು ತುಕ್ಕಿನ ಹನಿ ಬಿದ್ದರೂ ಅಷ್ಟೇ. ಹಿತ್ತಾಳೆಯ ಹುಕ್, ತೆಂಗಿನ ಚಿಪ್ಪಿನ ಗುಂಡಿ ಬಳಸಿ. ಮಲೆನಾಡಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲೂ ಕಬ್ಬಿಣದ ಅಂಶವಿದೆ: ಬಕೆಟ್‌ನಲ್ಲಿ ಹಿಡಿದಿಟ್ಟ ನೀರಿನ ತಳದಲ್ಲಿ ಬೆಳಿಗ್ಗೆ ಕೆಂಪು ಗಸಿ ಕಂಡರೆ ಆ ನೀರು ಬೇಡ, ಮಳೆ ನೀರೋ ಬಾವಿ ನೀರೋ ಹುಡುಕಿ. ಕ್ಷಾರ ಹೆಚ್ಚಿರುವ ಡಿಟರ್ಜೆಂಟ್ ಪುಡಿಯಲ್ಲಿ ಬಣ್ಣ ಕೆಂಪಿಗೆ ತಿರುಗುತ್ತದೆ. ಅಂಟುವಾಳದ ನೊರೆ ಸಾಕು.

ಒಂದು ಹಂಡೆಯ ಬಣ್ಣ ಇನ್ನೊಂದರಲ್ಲಿ ಬರುವುದಿಲ್ಲ. ಒಂದು ಆರ್ಡರ್‌ಗೆ ಬೇಕಾದಷ್ಟನ್ನೂ ಒಂದೇ ಲಾಟ್‌ನಲ್ಲಿ ತನ್ನಿ. ಮುಂಭಾಗ, ಬೆನ್ನು, ತೋಳು ಒಂದೇ ತುಂಡಿನಿಂದ ಏಳಬೇಕು. ಪನ್ನವನ್ನು, ಅಂದರೆ ಬಟ್ಟೆಯ ಅಗಲವನ್ನು, ಮೂರು ಕಡೆ ಅಳೆದು, ಅತಿ ಕಿರಿದಾದ ಕಡೆಗೆ ಮಾರ್ಕಿಂಗ್ ಹೊಂದಿಸಿ.

ನೇಯ್ಗೆ ಸಡಿಲವಿರುವ ಥಾನಿನಲ್ಲಿ (ಬಟ್ಟೆಯ ಇಡೀ ಸುರುಳಿಯಲ್ಲಿ) ಅಂಚು ಬೇಗ ಬಿಚ್ಚುತ್ತದೆ. ಹೊಲಿಗೆಯ ಆಚೆ ಮುಕ್ಕಾಲು ಇಂಚು ಮಾರ್ಜಿನ್ ಬಿಟ್ಟು, ಅಂಚು ಬಿಚ್ಚದಂತೆ ದಾರ ಸುತ್ತಿ ಹೊಲಿಯುವ ಓವರ್‌ಲಾಕ್ ಮಾಡಿ. ತೆಳು ಬಟ್ಟೆಗೆ 11ನೇ ನಂಬರಿನ ಸೂಜಿ, ದಪ್ಪಕ್ಕೆ 14. ಮೊಂಡಾದ ಸೂಜಿ ಎಳೆ ಎಳೆಯುತ್ತದೆ. ಪಾಲಿಯೆಸ್ಟರ್ ದಾರ ಗಟ್ಟಿಯೇ, ಆದರೆ ಬಟ್ಟೆ ಮಾಸಿದರೂ ಅದು ಮಾಸುವುದಿಲ್ಲ. ಹಾಗಾಗಿ ಮೇಲೆ ಕಾಣುವ ಹೊಲಿಗೆಗೆ ಒಂದು ಛಾಯೆ ತಿಳಿಯಾದ ದಾರ ಆರಿಸುವುದು ಲೇಸು.

ಕುರ್ತಾ, ಜುಬ್ಬಾ, ಸಡಿಲ ಷರ್ಟ್, ಚೀಲ, ಇಷ್ಟಕ್ಕೂ ಇದನ್ನು ಮನಸಾರೆ ಶಿಫಾರಸು ಮಾಡಬಹುದು. ಬಿಗಿಯಾದ ಬ್ಲೌಸ್‌ಗೆ ಬೇಡ: ಕಂಕುಳಲ್ಲಿ ಹೊಲಿಗೆಯ ಪಕ್ಕವೇ ಎಳೆ ಜರುಗುತ್ತದೆ, ಬೆವರಿಗೆ ಬಣ್ಣವೂ ಬದಲಾಗುತ್ತದೆ.

ಮಳೆಗಾಲದ ಮಾತೊಂದು ಬಾಕಿ. ಗೌರಿ ಗಣೇಶ, ದಸರಾದ ಆರ್ಡರ್‌ಗಳು ಬರುವುದು ತೊಯಿಸಿದ ಬಟ್ಟೆ ಎರಡು ಮೂರು ದಿನವಾದರೂ ಒಣಗದ ಹೊತ್ತಿನಲ್ಲಿ. ಅರೆ ಒಣಗಿದ್ದನ್ನು ಮಡಿಸಿ ಪ್ಲಾಸ್ಟಿಕ್ ಕವರ್‌ಗೆ ತುಂಬಿದರೆ ಬೂಷ್ಟು ಖಂಡಿತ. ಮೇ ತಿಂಗಳಲ್ಲೇ ಥಾನುಗಳನ್ನೆಲ್ಲ ನೆನೆಸಿ, ಒಣಗಿಸಿ, ಗೋಡೆಗೆ ತಾಗದ ಮರದ ಹಲಗೆಯ ಮೇಲೆ ಪೇರಿಸಿಡಿ. ಜೂನ್‌ನಿಂದಾಚೆ ಕತ್ತರಿ, ಹೊಲಿಗೆಯಷ್ಟೇ ಉಳಿದಿರಲಿ.